ಹಕ್ಕು ಯಾವ ಆಫೀಸಿನಲ್ಲಿ ಕೊಡ್ತಾರೆ?



ಕೆಲವು ವರ್ಷಗಳ ಹಿಂದೆ ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾನವ ಹಕ್ಕುಗಳ ತರಬೇತಿ ಇಟ್ಟುಕೊಂಡಿದ್ದೆವು. ನಾನು ಹಿಂದಿನ ರಾತ್ರಿ ಕೂತು ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದೆ. ಬದುಕುವ ಹಕ್ಕು, ಸಮಾನತೆಯ ಹಕ್ಕು, ಶೋಷಣೆಯ ವಿರುದ್ಧ ಹಕ್ಕು ಎಂದು ಒಂದೊಂದನ್ನೂ ಓದಿ ವಿವರಿಸಿದೆ. ಎಲ್ಲರೂ ತಲೆ ಆಡಿಸಿದರು, ಕೆಲವರು ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಕೊನೆಗೆ "ಏನಾದರೂ ಕೇಳುವುದಿದೆಯಾ?" ಎಂದೆ. ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: "ಎಲ್ಲಾ ಸರಿ ಸಿಸ್ಟ್ರೇ, ಈ ಹಕ್ಕು ಯಾವ ಆಫೀಸ್ನಾಗೆ ಕೊಡ್ತಾರೆ? ಅರ್ಜಿ ಜೊತೆ ರೇಷನ್ ಕಾರ್ಡ್ ಜೆರಾಕ್ಸ್ ಇಡಬೇಕಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ ನಗು ಬರಲಿಲ್ಲ. ಆ ಅಜ್ಜಿಗೆ ವಿಧವಾ ವೇತನ ಸಿಕ್ಕಿದ್ದು ಅರ್ಜಿ ಕೊಟ್ಟು, ಸಾಲಿನಲ್ಲಿ ನಿಂತು, ಹತ್ತು ಸಲ "ನಾಳೆ ಬಾ" ಅನ್ನಿಸಿಕೊಂಡ ಮೇಲೆ. ರೇಷನ್ ಕಾರ್ಡೂ ಹಾಗೆಯೇ ಬಂದಿತ್ತು. ಹಕ್ಕೂ ಅದೇ ತರಹದ ಇನ್ನೊಂದು ಸ್ಕೀಮು ಎಂದು ಅವರು ತಿಳಿದಿದ್ದರೆ ತಪ್ಪು ಅವರದಲ್ಲ, ನನ್ನ ಚಾರ್ಟಿನದು.

ಸೌಲಭ್ಯ ಬೇರೆ, ಹಕ್ಕು ಬೇರೆ. ಸೌಲಭ್ಯವನ್ನು ಸರ್ಕಾರ ಕೊಡುತ್ತದೆ. ಈ ವರ್ಷ ಇರುತ್ತದೆ, ಮುಂದಿನ ವರ್ಷ ಹೆಸರು ಬದಲಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಹಕ್ಕನ್ನು ಯಾರೂ ಕೊಡುವುದಿಲ್ಲ. ಮಗು ಹುಟ್ಟಿದಾಗ ಕೈಕಾಲು ಜೊತೆಯಲ್ಲೇ ಬರುತ್ತವಲ್ಲ, ಹಾಗೆ ಹಕ್ಕೂ ಬರುತ್ತದೆ. ಸರ್ಕಾರ, ಕೋರ್ಟು, ಪೊಲೀಸು ಇವೆಲ್ಲ ಇರುವುದು ಅದನ್ನು ಕೊಡುವುದಕ್ಕಲ್ಲ, ಯಾರೂ ಕಿತ್ತುಕೊಳ್ಳದಂತೆ ಕಾಯುವುದಕ್ಕೆ. ಮುಂದಿನ ತಿಂಗಳು ಅದೇ ಅಜ್ಜಿಗೆ ಇದನ್ನು ಹೇಳಿದಾಗ "ಹಂಗಾರೆ ನಂದು ಯಾವಾಗ್ಲೋ ಯಾರೋ ಎತ್ಕೊಂಡು ಹೋಗವ್ರೆ ಬಿಡಿ" ಅಂದರು. ಅರ್ಥ ಆಗಿತ್ತು.

ಚರಿತ್ರೆ ಸ್ವಲ್ಪ ಹೇಳಿ ಮುಂದಕ್ಕೆ ಹೋಗುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಕೋಟಿಗಟ್ಟಲೆ ಜನ ಸತ್ತ ಮೇಲೆ, 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿಕೊಂಡಿತು. ಅದರಲ್ಲಿ 30 ಕಲಮುಗಳಿವೆ. ಅದನ್ನು ತಯಾರಿಸುವಾಗ ಮೊದಲ ಸಾಲಿನಲ್ಲಿ "ಎಲ್ಲ ಗಂಡಸರೂ" ಎಂಬ ಅರ್ಥ ಬರುವ ಮಾತಿತ್ತು. ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ ಎಂಬ ಹೆಣ್ಣುಮಗಳು ಹಟ ಹಿಡಿದು ಅದನ್ನು "ಎಲ್ಲ ಮಾನವರೂ" ಎಂದು ಬದಲಾಯಿಸಿದರು. ಒಂದು ಶಬ್ದ ಅಷ್ಟೇ. ಆದರೆ ಆ ಶಬ್ದದಲ್ಲಿ ನೀವೂ ನಾನೂ ಇದ್ದೇವೆ. 1950ರ ಜನವರಿ 26ರಿಂದ ನಮ್ಮ ಸಂವಿಧಾನ ಜಾರಿಯಾಯಿತು. ಅದರ 14ನೇ ವಿಧಿ ಸಮಾನತೆ, 15ನೇ ವಿಧಿ ಜಾತಿ, ಧರ್ಮ, ಲಿಂಗದ ಹೆಸರಲ್ಲಿ ಭೇದ ಮಾಡಬಾರದು ಎನ್ನುವುದು, 17 ಅಸ್ಪೃಶ್ಯತೆಯ ರದ್ದು, 21 ಜೀವಿಸುವ ಹಕ್ಕು, 23 ಜೀತ ಮತ್ತು ಮನುಷ್ಯರ ಮಾರಾಟಕ್ಕೆ ನಿಷೇಧ. ಎಂ.ಎಸ್.ಡಬ್ಲ್ಯು. ಓದುವಾಗ ಇವನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೆ. ನೀವು ಮಾಡುವುದು ಬೇಡ.

ರಂಗೋಲಿ ಪುಡಿಯ ನಕ್ಷೆ

ಚಾರ್ಟನ್ನು ಮಡಚಿ ಇಟ್ಟ ಮೇಲೆ ನಾವು ಬೇರೆ ದಾರಿ ಹಿಡಿದೆವು. ಸಂಘದವರೆಲ್ಲ ಸೇರಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ತಮ್ಮ ಊರನ್ನು ಬಿಡಿಸುವುದು. ಗುಡಿ, ಶಾಲೆ, ನೀರಿನ ಟ್ಯಾಂಕು, ಹೋಟೆಲು, ಪಂಚಾಯ್ತಿ ಆಫೀಸು, ಬಸ್‌ಸ್ಟ್ಯಾಂಡು ಎಲ್ಲ ಬರಬೇಕು. ಆಮೇಲೆ ಒಂದೊಂದು ಹಿಡಿ ಒಡೆದ ಬಳೆಚೂರು ಕೊಡುತ್ತೇವೆ. "ಯಾವ ಜಾಗಕ್ಕೆ ಹೋಗಲು ನಿಮಗೆ ಆಗುವುದಿಲ್ಲವೋ, ಹೋದರೆ ಯಾರಾದರೂ ಏನಾದರೂ ಅನ್ನುತ್ತಾರೆ ಎಂದು ಹೆದರಿಕೆಯೋ, ಅಲ್ಲಿ ಒಂದು ಚೂರು ಇಡಿ" ಎನ್ನುತ್ತೇವೆ. ಯಾಕೆ ಎಂದು ಕೇಳುವುದಿಲ್ಲ. ಮೊದಲು ಇಡಲಿ.

ಪಂಚಾಯ್ತಿ ಆಫೀಸಿನ ಮೇಲೆ ಬಹಳ ಚೂರು ಬೀಳುತ್ತವೆ, ಹೆಂಗಸೇ ಅಧ್ಯಕ್ಷೆ ಆಗಿರುವ ಊರಿನಲ್ಲೂ! ಸಾರಾಯಿ ಮಾರುವ ಕಡೆ ಬೀಳುತ್ತವೆ. ಕೆಲವರು ಗುಡಿಯ ಮೇಲೆ ಇಟ್ಟು ಬೇಗ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಒಬ್ಬಾಕೆ ತನ್ನ ಸ್ವಂತ ಮನೆಯ ಮೇಲೆ ಇಟ್ಟಿದ್ದೂ ಉಂಟು.

ನಾನು ಹೇಳಬೇಕೆಂದಿರುವುದು ಒಂದು ಗೊಲ್ಲರಹಟ್ಟಿಯಲ್ಲಿ ಬಿಡಿಸಿದ ನಕ್ಷೆಯ ವಿಷಯ. ಹಟ್ಟಿಯ ಹೆಸರು ಬೇಡ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಎಲ್ಲ ಕಡೆ ಗೊಲ್ಲರಹಟ್ಟಿಗಳಿವೆ, ಒಬ್ಬರ ಕಡೆ ಬೆರಳು ತೋರಿಸುವುದು ನನ್ನ ಉದ್ದೇಶವಲ್ಲ. ಕಾಡುಗೊಲ್ಲರು ಕುರಿ ಕಾಯ್ದು, ಕಷ್ಟಪಟ್ಟು ಬಾಳಿದ ಮಾನವಂತ ಜನ. ಜುಂಜಪ್ಪನ ಮೇಲೆ ರಾತ್ರಿಯಿಡೀ ಪದ ಹಾಡುವ ಹೆಂಗಸರು ಅವರಲ್ಲಿದ್ದಾರೆ; ಅಂಥ ನೆನಪಿನ ಶಕ್ತಿ ಡಿಗ್ರಿ ಓದಿದ ನಮಗಿಲ್ಲ.

ಆ ನಕ್ಷೆಯಲ್ಲಿ ಹಟ್ಟಿಯ ಸುತ್ತ ಮುಳ್ಳುಬೇಲಿ ಬಿಡಿಸಿದರು. ಐದು ತಿಂಗಳ ಬಸುರಿಯೊಬ್ಬಳು ಬಳೆಚೂರನ್ನು ಬೇಲಿಯ ಆಚೆ, ಬಯಲಿನಲ್ಲಿ ಇಟ್ಟಳು. ಅಲ್ಲಿ ಏನೂ ಬಿಡಿಸಿರಲಿಲ್ಲ. "ಇಲ್ಲಿಗೆ ಹೋಗೋಕೆ ಬಿಡಲ್ವಾ?" ಎಂದು ಕೇಳಿದೆ. "ಹೋಗೋಕೆ ಬಿಡ್ತಾರೆ ಸಿಸ್ಟರ್. ಹೋದ ಮ್ಯಾಲೆ ಒಳಕ್ಕೆ ಬರಂಗಿಲ್ಲ" ಎಂದಳು.

ಅದು ಗುಡ್ಲಿನ ಜಾಗ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರುವುದೇ. ಮುಟ್ಟಾದರೆ ಮೂರು ದಿನ, ಕೆಲವು ಕಡೆ ಐದು ದಿನ ಹಟ್ಟಿಯ ಹೊರಗೆ ಇರಬೇಕು. ಹೆರಿಗೆಯಾದರೆ ತಾಯಿ ಮಗು ಇಬ್ಬರೂ ವಾರಗಟ್ಟಲೆ, ಕೆಲವು ಕಡೆ ಎರಡು ಮೂರು ತಿಂಗಳು ಹೊರಗೆ. ಈಗ ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಆದರೆ ಆಸ್ಪತ್ರೆಯ ಬಿಸಿ ಕೋಣೆಯಿಂದ ಬಂದ ಹಸುಗೂಸು ಬೇಲಿಯ ಆಚೆಯ ತೆಂಗಿನ ಗರಿಯ ಗುಡ್ಲಿಗೆ ಹೋಗುತ್ತದೆ. ಈ ಹುಡುಗಿಯ ಮೊದಲ ಹೆರಿಗೆ ಆಷಾಢದಲ್ಲಿ ಆಗಿತ್ತು. ನಮ್ಮ ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಗೊತ್ತಲ್ಲ, ಅದೇ ಗಾಳಿ. ಮಗುವಿಗೆ ಶೀತವಾಗಿ ನ್ಯುಮೋನಿಯಾಕ್ಕೆ ತಿರುಗಿ, ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಿತು. ಈಗ ಎರಡನೆಯದು. ಲೆಕ್ಕ ಹಾಕಿದರೆ ಕಾರ್ತಿಕ ಮಾಸದ ಚಳಿಗೆ ಹೆರಿಗೆ.

ಎಲ್ಲ ಮಕ್ಕಳೂ ಬದುಕಿಕೊಳ್ಳುವುದಿಲ್ಲ. 2023ರ ಜುಲೈ ತಿಂಗಳಲ್ಲಿ ನಮ್ಮ ಪಕ್ಕದ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆಯೇ ಮಳೆಗಾಳಿಯಲ್ಲಿ ಹೊರಗಿದ್ದ ತಾಯಿಯ ಹಸುಗೂಸು ಸತ್ತುಹೋಯಿತು. ಪೇಪರಿನಲ್ಲಿ, ಟಿ.ವಿ.ಯಲ್ಲಿ ಎಲ್ಲ ಬಂತು. ಅದೇ ವರ್ಷ ಗುಬ್ಬಿ ತಾಲ್ಲೂಕಿನ ಇನ್ನೊಂದು ಹಟ್ಟಿಗೆ ನ್ಯಾಯಾಧೀಶೆಯೊಬ್ಬರು ತಾವೇ ಹೋಗಿ, ಹೊರಗಿದ್ದ ಬಾಣಂತಿ ಮಗುವನ್ನು ಮನೆಯೊಳಕ್ಕೆ ಸೇರಿಸಿದರು.

ಇದು ಗೊಲ್ಲರಹಟ್ಟಿಯ ಮಾತು ಮಾತ್ರವೇ ಎಂದು ಬೇರೆಯವರು ಸಮಾಧಾನ ಪಟ್ಟುಕೊಳ್ಳಬೇಡಿ. "ಕಾಗೆ ಮುಟ್ಟಿದೆ" ಎಂದು ಹೇಳಿ ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ ಕೊಡುವ ಮನೆಗಳು ಪೇಟೆಯಲ್ಲೂ ಇವೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೂ ಆ ದಿನಗಳಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಲು ಬಿಡುತ್ತಿರಲಿಲ್ಲ. ಹೆಚ್ಚು ಕಡಿಮೆ ಅಷ್ಟೇ.

ಮೈಲಿಗೆ ಎಂದರೆ ಏನು?

ಮುಟ್ಟಿನ ರಕ್ತ ಕೆಟ್ಟ ರಕ್ತವಲ್ಲ. ಪ್ರತಿ ತಿಂಗಳೂ ಗರ್ಭಕೋಶ ಮಗುವಿಗಾಗಿ ಒಳಗೆ ಮೆತ್ತನೆಯ ಹಾಸಿಗೆಯಂತೆ ಒಂದು ಪದರ ಸಿದ್ಧ ಮಾಡುತ್ತದೆ. ಬಸುರಾಗದಿದ್ದರೆ ಆ ಪದರ ಕಳಚಿ ರಕ್ತದೊಂದಿಗೆ ಹೊರಗೆ ಹೋಗುತ್ತದೆ. ಬಸುರಾದರೆ ಅದೇ ಪದರದಲ್ಲಿ ಮಗು ನೆಲೆ ನಿಲ್ಲುತ್ತದೆ. ನಮ್ಮನ್ನೆಲ್ಲ ಹೊತ್ತದ್ದು ಅದೇ. ಅದನ್ನು ಹೊಲಸು ಎನ್ನುವುದಾದರೆ ನಾವೆಲ್ಲ ಎಲ್ಲಿಂದ ಬಂದವರು?

ಹುಟ್ಟಿದ ಮಗುವಿಗೆ ತನ್ನ ಮೈ ಬಿಸಿಯನ್ನು ಕಾಪಾಡಿಕೊಳ್ಳುವ ಶಕ್ತಿ ಕಡಿಮೆ. ತೂಕ ಕಡಿಮೆ ಇದ್ದರಂತೂ ಸ್ವಲ್ಪ ಹೊತ್ತು ಗಾಳಿಗೆ ಇಟ್ಟರೂ ಮೈ ತಣ್ಣಗಾಗಿ, ಹಾಲು ಕುಡಿಯುವುದನ್ನು ಬಿಟ್ಟು, ಸುಸ್ತಾಗಿ ಮಲಗಿಬಿಡುತ್ತದೆ. "ಅಳೋದೇ ಇಲ್ಲ, ಒಳ್ಳೆ ಮಗು" ಎಂದುಕೊಳ್ಳುತ್ತಾರೆ. ಅದು ಅಪಾಯದ ಚಿಹ್ನೆ. ಮಗುವನ್ನು ತಾಯಿಯ ಎದೆಗೆ ಅವಚಿ, ತಲೆಗೆ ಟೋಪಿ ಹಾಕಿ, ಬೆಚ್ಚಗೆ ಹೊದಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ತಾಯಿಗೂ ಅಷ್ಟೇ. ಹೆರಿಗೆಯಾದ ಮೇಲೆ ರಕ್ತಸ್ರಾವ ಜಾಸ್ತಿಯಾದರೆ ರಾತ್ರಿಹೊತ್ತು ಬಯಲಿನಲ್ಲಿ ಒಂಟಿಯಾಗಿರುವವಳ ಕೂಗು ಯಾರಿಗೆ ಕೇಳಬೇಕು? ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನದೊಳಗೆ 6 ಸಲ ಬಂದು ತಾಯಿ ಮಗುವನ್ನು ನೋಡಬೇಕು ಎಂದು ನಿಯಮವಿದೆ. ಗುಡ್ಲಿನಲ್ಲಿದ್ದರೆ ಆಕೆ ಬರುತ್ತಾಳಾ, ಮುಟ್ಟಿ ನೋಡಲು ಬಿಡುತ್ತಾರಾ ಎನ್ನುವುದು ಬೇರೆ ಪ್ರಶ್ನೆ.

ಆ ದಿನ ಒಬ್ಬಾಕೆ ಎದ್ದು ಹೇಳಿದಳು: "ಸಿಸ್ಟ್ರೇ, ಆ ಮೂರು ದಿನಾನೇ ನಮಗೆ ರೆಸ್ಟು. ಹಿಟ್ಟು ತೊಳಸೋದಿಲ್ಲ, ನೀರು ಹೊರೋದಿಲ್ಲ. ಅದನ್ನೂ ಕಿತ್ಕೋಬೇಡಿ." ಸುಳ್ಳಲ್ಲ. ವರ್ಷವಿಡೀ ದುಡಿಯುವವಳಿಗೆ ಅದೊಂದೇ ರಜೆ. ನಾನು ಆಕೆಗೆ ಒಂದೇ ಮಾತು ಕೇಳಿದೆ. "ಮಳೆ ಬಂದರೆ ಒಳಕ್ಕೆ ಬರ್ತೀನಿ ಅನ್ನಬಹುದಾ?" ಆಕೆ ಸುಮ್ಮನಾದಳು. ರೂಢಿ ಎಲ್ಲಿ ಮುಗಿಯುತ್ತದೆ, ಹಕ್ಕಿನ ಉಲ್ಲಂಘನೆ ಎಲ್ಲಿ ಶುರುವಾಗುತ್ತದೆ ಎಂದು ತರಬೇತಿಯಲ್ಲಿ ಬಹಳ ಜನ ಕೇಳುತ್ತಾರೆ. ನನಗೆ ತಿಳಿದಿರುವ ಅಳತೆಗೋಲು ಇದೇ: ಬೇಡ ಅನ್ನಲು ಅವಳಿಗೆ ಆಗುತ್ತದೆಯೇ? ರೆಸ್ಟ್ ಬೇಕಾದರೆ ಮನೆಯೊಳಗೆ ಮಂಚದ ಮೇಲೆ ಸಿಗಲಿ. ಹಿಟ್ಟು ತೊಳಸಲು ಗಂಡನಿಗೂ ಎರಡು ಕೈ ಇವೆ.

ಕಾನೂನೂ ಈಗ ಸ್ಪಷ್ಟವಾಗಿದೆ. ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ, ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರಗಳನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 2017ರಲ್ಲಿ ಆಯಿತು, 2020ರಲ್ಲಿ ಜಾರಿಗೆ ಬಂತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಬೇರೆ ಇಡುವುದು, ಊರೊಳಗೆ ಬರದಂತೆ ತಡೆಯುವುದು ಅದರ ಪ್ರಕಾರ ಅಪರಾಧ. 1 ವರ್ಷದಿಂದ 7 ವರ್ಷದವರೆಗೆ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಹೀಗೆ ಬೇರೆ ಇಡಲು ಅನುಕೂಲ ಮಾಡಿಕೊಡುವುದೂ ಅದರಲ್ಲಿ ಸೇರುತ್ತದೆ. ಇಲ್ಲಿ ಒಂದು ವಿಚಿತ್ರ ಹೇಳಬೇಕು. ಕೆಲವು ಹಟ್ಟಿಗಳ ಬಳಿ ಸರ್ಕಾರದ ಹಣದಿಂದಲೇ ಇಂಥ ಹೆಂಗಸರು ಉಳಿದುಕೊಳ್ಳಲು ಕೃಷ್ಣ ಕುಟೀರ ಎಂಬ ಕಟ್ಟಡಗಳು ಬಂದವು. ಗರಿಯ ಗುಡ್ಲಿಗಿಂತ ಸಿಮೆಂಟಿನ ಗೋಡೆ ವಾಸಿ, ಒಪ್ಪುತ್ತೇನೆ. ಆದರೆ ಹೊರಗೆ ಎನ್ನುವುದು ಹೊರಗೇ.

ಆ ಹಟ್ಟಿಯಲ್ಲಿ ಏನಾಯಿತು

ಆ ಹುಡುಗಿಯ ಅತ್ತೆಯೂ ಸಂಘದ ಸದಸ್ಯೆ, ಮೊದಲನೇ ಪ್ರತಿನಿಧಿ, ಪಾಸ್‌ಬುಕ್ ಇಟ್ಟುಕೊಳ್ಳುವವರು. ಸೊಸೆ ಬಳೆಚೂರು ಇಟ್ಟಾಗ ಅವರು ಮುಖ ತಿರುಗಿಸಿಕೊಂಡು ಕೂತರು. ಮುಂದಿನ ಎರಡು ಸಭೆಗೆ ಬರಲಿಲ್ಲ. ಮೂರನೆಯದಕ್ಕೆ ಬಂದು ಉಳಿತಾಯ ಕಟ್ಟಿ, ಎದ್ದು ಹೋಗುವಾಗ ನಿಂತು ಹೇಳಿದರು: "ನಾನೂ ಮೂರು ಹಡೆದಿದ್ದು ಗುಡ್ಲಲ್ಲೇ. ಒಂದು ಅಲ್ಲೇ ಹೋಯ್ತು. ಯಾರೂ ಕೇಳ್ನಿಲ್ಲ." ಆ ಮಗುವಿಗೆ ಹೆಸರು ಇಟ್ಟಿದ್ದಿರಾ ಎಂದು ಯಾರೋ ಕೇಳಿದರು. ಇಲ್ಲ ಎಂದರು. ಆ ದಿನ ನಾನು ಒಂದು ಮಾತೂ ಆಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ.

ಆಮೇಲೆ ಸಂಘದವರೇ ನಡವಳಿ ಪುಸ್ತಕದಲ್ಲಿ ಠರಾವು ಬರೆದರು. ಆಸ್ಪತ್ರೆಯಿಂದ ಬಂದ ಬಾಣಂತಿ ಹಟ್ಟಿಯ ಒಳಗೇ ಇರಬೇಕು ಎಂದು. ಹಿರಿಯರ ಮುಂದೆ ಇಟ್ಟರು. ಗಲಾಟೆಯಾಯಿತು. ದೇವರು ಮುನಿದರೆ ಕುರಿ ಸಾಯುತ್ತವೆ ಎಂದರು ಒಬ್ಬರು. ಹೆಲ್ತ್ ಸಿಸ್ಟರನ್ನು ಕರೆಸಿ ಮಾತಾಡಿಸಿದೆವು. ಕೊನೆಗೆ ಒಪ್ಪಿದ್ದು ಅರ್ಧ ಮಾತ್ರ. ಮನೆಯೊಳಗೆ ಅಲ್ಲ, ಬೇಲಿಯ ಒಳಗೆ, ಕೊಟ್ಟಿಗೆಯ ಪಕ್ಕದ ಶೀಟಿನ ಕೋಣೆ. ಬಾಗಿಲಿತ್ತು, ಲೈಟಿತ್ತು. ಅತ್ತೆ ರಾತ್ರಿ ಜೊತೆಯಲ್ಲೇ ಮಲಗಿದರು, ಸೂತಕ ತನಗೂ ಬಂದರೆ ಬರಲಿ ಎಂದು. ಆಶಾ ಆರೂ ಸಲ ಬಂದು ಮಗುವನ್ನು ತೂಗಿದಳು. ಮಗು ಚೆನ್ನಾಗಿದೆ. ಅದಾದ ಮೇಲೆ ಆ ಹಟ್ಟಿಯಲ್ಲಿ ಇಬ್ಬರು ಬಾಣಂತಿಯರು ಆಸ್ಪತ್ರೆಯಿಂದ ನೇರ ಮನೆಗೇ ಹೋದರು. ಒಂದು ಮನೆಯವರು ಮಾತ್ರ ಇನ್ನೂ ಕೇಳುತ್ತಿಲ್ಲ.

"ಪೊಲೀಸಿಗೆ ಯಾಕೆ ಹೇಳಲಿಲ್ಲ, ಕಾನೂನು ಇತ್ತಲ್ಲ?" ಎಂದು ನಮ್ಮ ಕಾರ್ಯಕರ್ತೆಯರೇ ನನ್ನನ್ನು ಕೇಳಿದ್ದಾರೆ. ಮಗುವಿನ ಜೀವಕ್ಕೆ ಅಪಾಯ ಎಂದು ಕಂಡರೆ ಒಂದು ನಿಮಿಷವೂ ಕಾಯಬಾರದು, ನಾನೂ ಕಾಯುವುದಿಲ್ಲ. ಆದರೆ ಜೀಪು ವಾಪಸ್ ಹೋದ ಮೇಲೆ ಆ ಹುಡುಗಿ ಅದೇ ಹಟ್ಟಿಯಲ್ಲಿ ಬಾಳಬೇಕು. ಹೆರಿಗೆಗೆ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳನ್ನು ನಾವು ಅತ್ತೆಗೆ ಕೊಟ್ಟೆವು. ತಪ್ಪಾಗಿಯೂ ಇರಬಹುದು, ಆದರೆ ಇನ್ನೊಮ್ಮೆ ಆದರೂ ನಾನು ಹಾಗೇ ಮಾಡುತ್ತೇನೆ.

ಯಾರಿಗೆ ಹೇಳುವುದು?

ಅರ್ಜೆಂಟ್ ಇದ್ದರೆ 112. ಹೆಂಗಸರ ಸಹಾಯವಾಣಿ 181, ಮಕ್ಕಳದು 1098. ಮೂರಕ್ಕೂ ದುಡ್ಡಿಲ್ಲ. ಮನೆಯಲ್ಲಿ ಹೊಡೆತ ಬಡಿತವಾದರೆ ನಿಮ್ಮ ತಾಲ್ಲೂಕಿನ ಸಿ.ಡಿ.ಪಿ.ಓ. ಅವರೇ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರಿಗೆ ಹೇಳಿದರೂ ಅವರಿಗೆ ಮುಟ್ಟುತ್ತದೆ.

ಕೋರ್ಟು ಎಂದರೆ ಹೆದರಬೇಡಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ಸರ್ಕಾರವೇ ವಕೀಲರನ್ನು ಪುಕ್ಕಟೆ ಕೊಡಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹಾಗೆ ಹೇಳುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಎಂದು ಕೇಳಿ. ಜಿಲ್ಲೆಯದು ಚಿತ್ರದುರ್ಗದ ಕೋರ್ಟಿನಲ್ಲಿದೆ. ಫೋನಿನಲ್ಲಿ ಕೇಳುವುದಾದರೆ 15100.

ಸರ್ಕಾರಿ ನೌಕರರಿಂದಲೇ ಅನ್ಯಾಯವಾದರೆ, ಇಲ್ಲವೇ ತಡೆಯಬೇಕಾದವರು ಕಣ್ಣು ಮುಚ್ಚಿ ಕೂತರೆ, ಬೆಂಗಳೂರಿನ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಬಹುದು. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಅಂಚೆಗೆ ಹಾಕಿದರೆ ಸಾಕು. ಫೀಸಿಲ್ಲ, ವಕೀಲರು ಬೇಡ. ಘಟನೆ ನಡೆದು ಒಂದು ವರ್ಷದೊಳಗೆ ಬರೆಯಬೇಕು. ಯಾವ ದಿನ, ಎಲ್ಲಿ, ಯಾರು, ಏನು ಮಾಡಿದರು, ಯಾರು ನೋಡಿದರು ಎನ್ನುವಷ್ಟೇ ಬರೆಯಿರಿ. ಗೋಳು ಜಾಸ್ತಿ ಬೇಡ. ಆಯೋಗ ವಿಚಾರಣೆ ಮಾಡಿ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ, ತಾನೇ ಶಿಕ್ಷೆ ಕೊಡುವುದಿಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಆಮೇಲೆ ಬೇಜಾರಾಗುವುದಿಲ್ಲ.

ಎಲ್ಲಿಗೇ ಅರ್ಜಿ ಕೊಟ್ಟರೂ ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹೊಸದುರ್ಗ ಕಡೆಯ ಒಂದು ಸಂಘದವರು ನೀರಿನ ವಿಷಯಕ್ಕೆ ಮೂರು ಸಲ ಬಾಯಿಮಾತಿನಲ್ಲಿ ಹೇಳಿ ಸುಸ್ತಾಗಿದ್ದರು. ನಾಲ್ಕನೇ ಸಲ ಬರೆದು ಕೊಟ್ಟು "ಹಿಂಬರಹ ಕೊಡಿ ಸಾರ್" ಎಂದರು. ಹಿಂಬರಹ ಎಂಬ ಶಬ್ದ ಕೇಳಿದ ಕೂಡಲೇ ಗುಮಾಸ್ತರು ಕುರ್ಚಿ ತೋರಿಸಿದರಂತೆ.

ನಮ್ಮ ಸಂಘದೊಳಗೆ

ಇನ್ನೊಂದು ಮಾತು, ಇದು ಕೆಲವರಿಗೆ ಹಿಡಿಸುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಒಂದು ಸಂಘ, ಲೆಕ್ಕದಲ್ಲಿ ಬಹಳ ಚೊಕ್ಕ. ಸಭೆ ನಡೆಯುವುದು ಒಬ್ಬ ಸದಸ್ಯೆಯ ಜಗುಲಿಯ ಮೇಲೆ. ಹನ್ನೆರಡು ಜನ ಜಗುಲಿ ಮೇಲೆ ಕೂತರೆ ನಾಲ್ಕು ಜನ ಕೆಳಗೆ ಅಂಗಳದಲ್ಲಿ ಕೂರುತ್ತಿದ್ದರು. ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ. "ನಾವೇನೂ ಬರಬೇಡಿ ಅಂದಿಲ್ಲ, ಅವರೇ ಕೂರಲ್ಲ" ಎಂದರು. ಟೀ ಬಂತು, ಅಂಗಳದವರಿಗೆ ಪ್ಲಾಸ್ಟಿಕ್ ಲೋಟ. ಸಂವಿಧಾನದ 17ನೇ ವಿಧಿ 1950ರಿಂದ ಇದೆ, ಆ ಜಗುಲಿಗೆ ಮಾತ್ರ ಇನ್ನೂ ಹತ್ತಿರಲಿಲ್ಲ. ಮುಂದಿನ ವಾರದಿಂದ ಸಭೆಯನ್ನು ಶಾಲೆಯ ವರಾಂಡಕ್ಕೆ ಬದಲಾಯಿಸಿದೆವು. ಇಬ್ಬರು ಸದಸ್ಯೆಯರು ಸಂಘ ಬಿಟ್ಟರು. ಬಿಡಲಿ ಎಂದೆ.

ಕಂತು ತಪ್ಪಿದವಳ ಮನೆ ಮುಂದೆ ಗುಂಪಾಗಿ ಹೋಗಿ ಕೂರುವುದು, ಪಾತ್ರೆ ಎತ್ತಿಕೊಂಡು ಬರುವುದು, ಮಕ್ಕಳೆದುರು ಬೈಯುವುದೂ ಇದೇ ಲೆಕ್ಕ. ಮೈಕ್ರೋ ಫೈನಾನ್ಸಿನವರು ಹೀಗೆ ಮಾಡಿ ಜನ ಪ್ರಾಣ ಕಳೆದುಕೊಂಡಾಗ ನಾವೇ ಬೈದೆವು. 2025ರಲ್ಲಿ ರಾಜ್ಯ ಸರ್ಕಾರ ಸಾಲ ವಸೂಲಿಯ ಕಿರುಕುಳದ ವಿರುದ್ಧ ಕಾನೂನನ್ನೇ ತಂದಿತು. ಸಂಘದ ಹೆಸರಿನಲ್ಲಿ ನಾವು ಮಾಡಿದರೆ ಅದು ಬೇರೆಯಾಗುತ್ತದಾ? ಕಂತು ಕಟ್ಟಲಾಗದವಳ ಕಷ್ಟವನ್ನು ಸಭೆಯಲ್ಲಿ ಕೇಳಿ, ಅವಧಿ ಹೆಚ್ಚಿಸಿ ಠರಾವು ಬರೆಯಲು ಪುಸ್ತಕದಲ್ಲಿ ಜಾಗವಿದೆ.

ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಅದಕ್ಕೆ ಮುಂಚಿನ ಸಭೆಯಲ್ಲಿ ಪ್ರತಿ ಸಂಘವೂ ತಮ್ಮ ಊರಿನ ನಕ್ಷೆ ಬಿಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ರಂಗೋಲಿ ಪುಡಿ, ಬಳೆಚೂರು ಸಾಕು. ಯಾವ ಜಾಗದಲ್ಲಿ ಎಷ್ಟು ಚೂರು ಬಿದ್ದವು ಎನ್ನುವುದನ್ನು ನಡವಳಿ ಪುಸ್ತಕದಲ್ಲಿ ಬರೆದಿಡಿ, ಇಟ್ಟವರ ಹೆಸರು ಬೇಡ. ನಿಮ್ಮ ಊರಿನಲ್ಲಿ ಬಸುರಿಯರು, ಬಾಣಂತಿಯರು ಎಷ್ಟು ಜನ ಇದ್ದಾರೆ, ಎಲ್ಲಿ ಮಲಗುತ್ತಿದ್ದಾರೆ ಎನ್ನುವುದನ್ನೂ ಅದೇ ಪುಟದಲ್ಲಿ ಬರೆಯಿರಿ. ನಮ್ಮ ಕಾರ್ಯಕರ್ತೆ ಬಂದಾಗ ತೋರಿಸಿ. ಚಳಿ ಶುರುವಾಗಿರುತ್ತದೆ, ತಡ ಮಾಡಬೇಡಿ.